ಅರಳಿಕಟ್ಟೆಯ ನೆರಳು

ನಮ್ಮ ಬಯಲುಸೀಮೆಯ ಯಾವ ಹಳ್ಳಿಗೆ ಹೋದರೂ ಊರ ಮುಂದೆಯೋ ನಡುವೆಯೋ ಒಂದು ಕಟ್ಟೆ ಕಣ್ಣಿಗೆ ಬೀಳುವುದು ಸಾಮಾನ್ಯ. ಕಟ್ಟೆಯ ಮೇಲೆ ಒಂದು ಹಳೆಯ ಅರಳಿಯ ಮರ. ಅನೇಕ ಕಡೆ ಅದಕ್ಕೆ ಜೊತೆಯಾಗಿ ಒಂದು ಬೇವು. ಬುಡದಲ್ಲಿ ಕೆಲವು ನಾಗರಕಲ್ಲುಗಳು. ಊರಿನ ನ್ಯಾಯ ತೀರ್ಮಾನ, ಮದುವೆಯ ಮಾತುಕತೆ, ಮಳೆಬೆಳೆಯ ವಿಚಾರ, ಚೌಕಾಬಾರದ ಆಟ, ದಾರಿಹೋಕರ ವಿಶ್ರಾಂತಿ, ಇವೆಲ್ಲವೂ ತಲೆಮಾರುಗಳಿಂದ ನಡೆದುಬಂದಿರುವುದು ಆ ಮರದ ಕೆಳಗೆ. ಈಚಿನ ದಶಕಗಳಲ್ಲಿ ಅನೇಕ ಊರುಗಳಲ್ಲಿ ಸಮುದಾಯ ಭವನಗಳೂ ತಗಡು ಹೊದಿಸಿದ ತಂಗುದಾಣಗಳೂ ಎದ್ದಿವೆ. ಆದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಭವನದ ಬಾಗಿಲು ತೆರೆದಿದ್ದರೂ ಜನರು ಕುಳಿತಿರುವುದು ಕಟ್ಟೆಯ ಮೇಲೆಯೇ. ಇದು ಕೇವಲ ಅಭ್ಯಾಸಬಲವೇ? ಭಕ್ತಿಯೇ? ಅಥವಾ ಮರದ ನೆರಳಿಗೂ ತಗಡಿನ ನೆರಳಿಗೂ ನಿಜವಾಗಿ ವ್ಯತ್ಯಾಸವುಂಟೇ?

ಮರದ ಕೆಳಗೆ ಸಭೆ ಸೇರುವುದು ನಮ್ಮ ಹಳ್ಳಿಗಳಿಗೆ ಮಾತ್ರ ಸೀಮಿತವಾದುದಲ್ಲ. ಆಲದ ಮರಕ್ಕೆ ಇಂಗ್ಲಿಷಿನಲ್ಲಿರುವ ‘ಬನಿಯನ್’ ಎಂಬ ಹೆಸರೇ ಅದರ ಕೆಳಗೆ ಕೂಡುತ್ತಿದ್ದ ಬನಿಯಾ ವರ್ತಕರಿಂದ ಬಂದುದು. ಮುಂಬಯಿಯ ಷೇರು ದಲ್ಲಾಳಿಗಳು 1850ರ ದಶಕದಲ್ಲಿ ಅಲ್ಲಿನ ಟೌನ್‌ಹಾಲಿನ ಎದುರು ಆಲದ ಮರಗಳ ಕೆಳಗೆ ವ್ಯವಹಾರ ನಡೆಸುತ್ತಿದ್ದರು. 1875ರಲ್ಲಿ ರೂಪುಗೊಂಡ ಅವರ ಸಂಘವೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರದ ಮೂಲ. ಹಳ್ಳಿಯ ರೈತನೂ ಪಟ್ಟಣದ ದಲ್ಲಾಳಿಯೂ ಒಂದೇ ಬಗೆಯ ಸ್ಥಳವನ್ನು ಆರಿಸಿಕೊಂಡಿದ್ದರೆ ಅದಕ್ಕೊಂದು ಭೌತಿಕ ಕಾರಣವಿರಲೇಬೇಕು. ಆ ಕಾರಣವನ್ನು ಹುಡುಕೋಣ.

ಉಷ್ಣಮಾಪಕ ಹೇಳುವುದೇನು?

ಮೊದಲು ಒಂದು ಸರಳ ಪ್ರಯೋಗ. ಬೇಸಗೆಯ ನಡುಹಗಲಲ್ಲಿ ಒಂದು ಉಷ್ಣಮಾಪಕವನ್ನು ಮರದ ಕೆಳಗೆ ತೂಗುಹಾಕಿ ಗಾಳಿಯ ಉಷ್ಣತೆಯನ್ನು ಅಳೆಯೋಣ. ಅನಂತರ ಅದನ್ನೇ ಬಯಲಿಗೆ ಒಯ್ದು, ನೇರ ಬಿಸಿಲು ಬೀಳದಂತೆ ಬಿಳಿಯ ರಟ್ಟೊಂದನ್ನು ಅಡ್ಡಹಿಡಿದು, ಗಾಳಿ ಆಡುವಂತೆ ನೋಡಿಕೊಂಡು ಅಳೆಯೋಣ. ಮರದ ಕೆಳಗೆ ಹತ್ತು ಡಿಗ್ರಿ ಕಡಿಮೆ ಇರುವುದೆಂದು ಎಣಿಸಿದವರಿಗೆ ಆಶ್ಚರ್ಯವಾಗುತ್ತದೆ. ವ್ಯತ್ಯಾಸ ಸಾಮಾನ್ಯವಾಗಿ ಒಂದು ಡಿಗ್ರಿಯಿಂದ ಮೂರು ಡಿಗ್ರಿಯಷ್ಟೇ. ಗಾಳಿಯು ಸದಾ ಚಲಿಸುತ್ತಿರುವುದರಿಂದ ಬಯಲಿನ ಗಾಳಿಯೇ ಮರದ ಕೆಳಕ್ಕೂ ಬರುತ್ತದೆ. ಮರದ ಕೆಳಗೆ ತಂಪಾದ ಗಾಳಿಯೂ ಅಲ್ಲಿ ನಿಲ್ಲದೆ ಹೊರಟುಹೋಗುತ್ತದೆ. ಹಾಗಾದರೆ ಮರದಡಿಯಲ್ಲಿ ಮೈಗೆ ಆಗುವ ಆ ದೊಡ್ಡ ಹಿತ ಎಲ್ಲಿಂದ ಬಂದಿತು?

ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದು ಮೂರು ವಿಧಗಳಿಂದ ಎಂಬುದನ್ನು ವಾಚಕರು ಶಾಲೆಯಲ್ಲಿ ಓದಿರುತ್ತಾರೆ: ವಹನ, ಸಂವಹನ ಮತ್ತು ವಿಕಿರಣ. ಕಾದ ಕಲ್ಲಿನ ಮೇಲೆ ಕುಳಿತಾಗ ಮೈಗೆ ತಗಲುವ ಬಿಸಿ ವಹನದಿಂದ; ಬೀಸುವ ಗಾಳಿ ಹೊತ್ತು ತರುವ ಅಥವಾ ಹೊತ್ತೊಯ್ಯುವ ಬಿಸಿ ಸಂವಹನದಿಂದ. ವಿಕಿರಣಕ್ಕಾದರೋ ಗಾಳಿಯ ಹಂಗೂ ಇಲ್ಲ, ಸ್ಪರ್ಶದ ಹಂಗೂ ಇಲ್ಲ. ಒಲೆಯ ಮುಂದೆ ಕುಳಿತಾಗ ಮುಖಕ್ಕೆ ತಾಗುವ ಬಿಸಿ ಈ ಬಗೆಯದು. ಗಾಳಿಯ ಉಷ್ಣತೆಯನ್ನು ಅಳೆಯುವ ಉಷ್ಣಮಾಪಕವು ನಮ್ಮ ಸುತ್ತಲಿನ ವಸ್ತುಗಳಿಂದ ಮೈಮೇಲೆ ಸುರಿಯುತ್ತಿರುವ ವಿಕಿರಣದ ಲೆಕ್ಕವನ್ನು ಕೊಡುವುದಿಲ್ಲ. ಮರದ ರಹಸ್ಯ ಅಡಗಿರುವುದು ಇಲ್ಲಿಯೇ.

ಎರಡು ನೆರಳುಗಳ ಹೋಲಿಕೆ

ನಿರ್ಮಲವಾದ ಆಕಾಶದಲ್ಲಿ ಸೂರ್ಯನು ನೆತ್ತಿಯ ಮೇಲಿರುವಾಗ ನೆಲದ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು 1000 ವ್ಯಾಟ್; ಎಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಒತ್ತಾಗಿ ಎಲೆಬಿಟ್ಟ ಮರವೊಂದು ಇದರಲ್ಲಿ ಹತ್ತರಲ್ಲಿ ಒಂದೆರಡು ಪಾಲನ್ನು ಮಾತ್ರ ಕೆಳಕ್ಕೆ ಬಿಡುತ್ತದೆ. ತಗಡಿನ ಛಾವಣಿ ಇನ್ನೂ ಚೆನ್ನಾಗಿ ತಡೆಯುತ್ತದೆ. ಅದರ ಮೂಲಕ ಬಿಸಿಲು ಸ್ವಲ್ಪವೂ ಇಳಿಯುವುದಿಲ್ಲ. ಈ ಲೆಕ್ಕದಿಂದ ತಗಡಿನ ನೆರಳೇ ಮೇಲೆಂದು ತೋರಬೇಕು. ಆದರೆ ತಡೆದ ಶಕ್ತಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಕೇಳದೆ ಲೆಕ್ಕ ಮುಗಿಯುವುದಿಲ್ಲ.

ತುಕ್ಕುಹಿಡಿದ ಹಳೆಯ ತಗಡು ತಾನು ಹೀರಿದ ಶಕ್ತಿಯಿಂದ ಕಾಯುತ್ತ ಹೋಗುತ್ತದೆ. ಬೇಸಗೆಯ ಮಧ್ಯಾಹ್ನ ಅದು 60 ಡಿಗ್ರಿ ಸೆಂಟಿಗ್ರೇಡಿಗೆ ಏರುವುದು ಅಸಾಧ್ಯವೇನಲ್ಲ. ಕಾದ ವಸ್ತುವೆಲ್ಲವೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಸೂಸುತ್ತದೆ. ಸ್ಟೀಫಾನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮದಂತೆ ಈ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆ ನಿಯಮವನ್ನು ಅನ್ವಯಿಸಿದರೆ 60 ಡಿಗ್ರಿಯ ತಗಡು ಪ್ರತಿ ಚದರ ಮೀಟರಿನಿಂದ ಹೆಚ್ಚೆಂದರೆ ಸುಮಾರು 700 ವ್ಯಾಟ್ ಸೂಸಬಲ್ಲದು. 32 ಡಿಗ್ರಿಯಲ್ಲಿರುವ ಎಲೆಗಳ ಹಂದರ ಸುಮಾರು 490 ವ್ಯಾಟ್. ವ್ಯತ್ಯಾಸ ಚದರ ಮೀಟರಿಗೆ 200 ವ್ಯಾಟಿಗೂ ಮಿಗಿಲು. ಸುಮ್ಮನೆ ಕುಳಿತಿರುವ ಮನುಷ್ಯನ ದೇಹ ತನ್ನೊಳಗೆ ಉತ್ಪಾದಿಸುವ ಶಾಖವೇ ಸುಮಾರು 100 ವ್ಯಾಟ್ ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ. ತಗಡಿನ ಕೆಳಗೆ ಕುಳಿತವನು ಬಿಸಿಲಿನಿಂದ ತಪ್ಪಿಸಿಕೊಂಡು ಒಂದು ಮಂದವಾದ ಒಲೆಯ ಕೆಳಗೆ ಕುಳಿತಂತಾಯಿತು. ಗಾಳಿಯ ಉಷ್ಣತೆ ಎರಡು ಕಡೆಯೂ ಒಂದೇ ಇದ್ದರೂ ಮೈಗೆ ಅದು ಒಂದೇ ಎನಿಸದು.

ಎಲೆ ಏಕೆ ಕಾಯುವುದಿಲ್ಲ?

ಅದೇ ಬಿಸಿಲಿನಲ್ಲಿ ತಗಡು 60 ಡಿಗ್ರಿಗೆ ಏರಿದಾಗ ಎಲೆ ಮಾತ್ರ ಗಾಳಿಯ ಉಷ್ಣತೆಯ ಆಸುಪಾಸಿನಲ್ಲಿಯೇ ಉಳಿಯುವುದು ಹೇಗೆ? ಮೂರು ಉಪಾಯಗಳು ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು, ಎಲೆಯು ಬಂದ ಶಕ್ತಿಯನ್ನೆಲ್ಲ ಹೀರುವುದಿಲ್ಲ. ಸೂರ್ಯನಿಂದ ಬರುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಅವಗೆಂಪು ಕಿರಣಗಳ ರೂಪದಲ್ಲಿರುತ್ತದೆ. ಅವುಗಳಲ್ಲಿ ಕೆಂಪು ಬಣ್ಣಕ್ಕೆ ಸಮೀಪವಾದವು ಎಲೆಯ ಆಹಾರ ತಯಾರಿಕೆಗೆ ಬೇಡವಾದವು. ಎಲೆ ಅವುಗಳನ್ನು ಬಹುಮಟ್ಟಿಗೆ ಪ್ರತಿಫಲಿಸಿಬಿಡುತ್ತದೆ, ಇಲ್ಲವೇ ತನ್ನ ಮೂಲಕ ಹಾಯಗೊಡುತ್ತದೆ.

ಎರಡನೆಯದು, ಎಲೆ ಬೆವರುತ್ತದೆ. ಅದರ ಮೈಮೇಲಿನ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಬೀಳುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. 30 ಡಿಗ್ರಿಯಲ್ಲಿ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದೇ ನೀರನ್ನು 30 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾದುದು 70 ಕ್ಯಾಲೊರಿ ಮಾತ್ರ. ಇಷ್ಟು ದೊಡ್ಡ ಗುಪ್ತೋಷ್ಣವನ್ನು ಆವಿಯು ಎಲೆಯಿಂದ ಕಸಿದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಆವಿಯಾಗಿಸುವುದೆಂದು ಇಟ್ಟುಕೊಳ್ಳೋಣ. ಬೇರುಗಳಿಗೆ ನೀರು ದೊರೆಯುವಾಗ ಇದು ಉತ್ಪ್ರೇಕ್ಷೆಯಲ್ಲ. ಆಗ ಅದು ತೊಡೆದುಹಾಕುವ ಶಾಖ ಸುಮಾರು 67 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಟನ್ನಿನ ಹವಾನಿಯಂತ್ರಕ ಯಂತ್ರವು ಪೂರ್ಣ ಬಲದಿಂದ 19 ಗಂಟೆಗಳ ಕಾಲ ಎಡೆಬಿಡದೆ ನಡೆದಾಗ ಕೋಣೆಯಿಂದ ಹೊರದೂಡುವ ಶಾಖ ಇಷ್ಟು. ಯಂತ್ರವು ಒಳಗಿನ ಶಾಖದ ಜೊತೆಗೆ ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಬೀದಿಗೆ ಚೆಲ್ಲುತ್ತದೆ. ಮರವಾದರೋ ಬಿಸಿಲಿನ ಶಕ್ತಿಯನ್ನು ಆವಿಯೊಳಗೆ ಬಚ್ಚಿಟ್ಟು ಮೇಲಕ್ಕೆ ಕಳುಹಿಸುತ್ತದೆ. ಆ ಶಾಖ ಮತ್ತೆ ಹೊರಬರುವುದು ಆವಿ ಮೋಡವಾಗಿ ಹನಿಗೂಡಿದಾಗ.

ಮೂರನೆಯ ಉಪಾಯ ಎಲೆಯ ಗಾತ್ರ ಮತ್ತು ಚಲನೆಗೆ ಸಂಬಂಧಿಸಿದುದು. ಪ್ರತಿಯೊಂದು ವಸ್ತುವಿನ ಮೈಗೂ ಗಾಳಿಯ ಒಂದು ತೆಳುವಾದ ಪದರ ಅಂಟಿಕೊಂಡಿರುತ್ತದೆ. ಶಾಖ ಹೊರಹೋಗಲು ಈ ಪದರ ಕಂಬಳಿಯಂತೆ ಅಡ್ಡಿ. ಅಗಲವಾದ ತಗಡಿನ ಮೇಲೆ ಈ ಪದರ ದಪ್ಪ. ಅಂಗೈಯಷ್ಟರ ಎಲೆಯ ಮೇಲೆ ತೆಳು. ಅರಳಿಯ ಎಲೆಗಂತೂ ಉದ್ದವಾದ ತೆಳ್ಳನೆಯ ತೊಟ್ಟು. ಬೇರೆ ಮರಗಳು ನಿಶ್ಚಲವಾಗಿರುವಾಗಲೂ ಅದು ಅಲ್ಪ ಗಾಳಿಗೇ ಅಲುಗಾಡುತ್ತ ಸದ್ದುಮಾಡುತ್ತಿರುತ್ತದೆ. ಪ್ರತಿಯೊಂದು ಅಲುಗಾಟವೂ ಆ ಕಂಬಳಿಯನ್ನು ಕೊಡವಿಹಾಕುತ್ತದೆ. ಅರಳಿಯು ಶಿಶಿರದ ಕೊನೆಯಲ್ಲಿ ಎಲೆಯುದುರಿಸಿ, ಬಿಸಿಲು ಬಲಿಯುವ ವೇಳೆಗೆ ಹೊಸ ಚಿಗುರನ್ನು ತುಂಬಿಕೊಳ್ಳುವುದರಿಂದ ಯುಗಾದಿಯ ಸುಮಾರಿಗೆ ಹೊಸ ನೆರಳು ಸಿದ್ಧವಾಗುತ್ತದೆ.

ರಾತ್ರಿಯ ಸಾಕ್ಷ್ಯ

ಮರದ ಕೆಲಸ ಮುಖ್ಯವಾಗಿ ವಿಕಿರಣದ ಮೂಲಕ ನಡೆಯುತ್ತದೆಂಬುದಕ್ಕೆ ರಾತ್ರಿಯಲ್ಲಿಯೂ ಪ್ರಮಾಣವುಂಟು. ಮಾರ್ಗಶಿರ ಪುಷ್ಯಗಳ ಬೆಳಗಿನ ಜಾವ ಬಯಲಿನ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿರುತ್ತದೆ. ಮರದ ಕೆಳಗಿನ ಹುಲ್ಲು ಮಾತ್ರ ಒಣಗಿಯೇ ಇರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಬಯಲ ನೆಲ ತನ್ನ ಶಾಖವನ್ನು ತಣ್ಣನೆಯ ಆಕಾಶದ ಕಡೆಗೆ ಸೂಸಿ, ಗಾಳಿಗಿಂತಲೂ ತಣ್ಣಗಾಗಿ, ಇಬ್ಬನಿಯನ್ನು ಪಡೆಯುತ್ತದೆ. ಮರದ ಕೆಳಗಿನ ನೆಲಕ್ಕೆ ಆಕಾಶ ಕಾಣುವುದೇ ಇಲ್ಲ. ಅದು ಎಲೆಗಳ ಕಡೆಗೆ ಸೂಸಿದಷ್ಟನ್ನೂ ಬಹುಪಾಲು ಎಲೆಗಳು ಮರಳಿಸುತ್ತವೆ. ಹಗಲು ಕೊಡೆಯಾಗಿದ್ದ ಮರ ರಾತ್ರಿ ಹೊದಿಕೆಯಾಗುತ್ತದೆ.

ರಾತ್ರಿಯ ಮಾತು ಬಂದಾಗ ಒಂದು ಪ್ರಚಲಿತ ನಂಬಿಕೆಯನ್ನೂ ಪರಿಶೀಲಿಸಬೇಕು. ಅರಳಿಮರ ರಾತ್ರಿಯೂ ಆಮ್ಲಜನಕವನ್ನು ಕೊಡುತ್ತದೆಂದು ಅನೇಕರು ಹೇಳುತ್ತಾರೆ. ಎಲೆ ನೀರನ್ನು ವಿಭಜಿಸಿ ಆಮ್ಲಜನಕವನ್ನು ಬಿಡುಗಡೆ ಮಾಡಲು ಬೆಳಕು ಬೇಕೇಬೇಕು. ರಾತ್ರಿಯಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹೀರಿಟ್ಟುಕೊಳ್ಳಬಲ್ಲ ಸಸ್ಯಗಳು ಕೆಲವುಂಟು. ಅವು ಕೂಡ ಕತ್ತಲಲ್ಲಿ ಆಮ್ಲಜನಕವನ್ನು ಕೊಡಲಾರವು. ರಾತ್ರಿ ಅರಳಿಯೂ ನಮ್ಮಂತೆಯೇ ಉಸಿರಾಡುತ್ತದೆ. ಬಯಲಿನ ಗಾಳಿಯಲ್ಲಿ ಹೇಗೂ ನೂರಕ್ಕೆ 21 ಪಾಲು ಆಮ್ಲಜನಕವಿರುವಾಗ ಒಂದು ಮರದಿಂದ ಅಲ್ಲಿ ಲಾಭವಾಗಲಿ ನಷ್ಟವಾಗಲಿ ಅಳತೆಗೆ ಸಿಗುವಷ್ಟಿರದು. ಮರವನ್ನು ಗೌರವಿಸಲು ಇಲ್ಲದ ಗುಣವನ್ನು ಆರೋಪಿಸಬೇಕಾಗಿಲ್ಲ. ಇರುವ ಗುಣಗಳೇ ಸಾಕಷ್ಟಿವೆ.

ಹಳೆಯ ಮರವೇ ಏಕೆ?

ಒಂದು ಮರ ಕಡಿದರೆ ಹತ್ತು ಸಸಿ ನೆಟ್ಟರಾಯಿತು ಎಂಬ ಮಾತನ್ನು ಈಗ ರಸ್ತೆ ಅಗಲಿಸುವಾಗಲೆಲ್ಲ ಕೇಳುತ್ತೇವೆ. ಇದನ್ನು ಲೆಕ್ಕದಿಂದ ನೋಡೋಣ. ನೆಟ್ಟಗೆ ಬೀಳುವ ಬಿಸಿಲಿನಲ್ಲಿ ಮರದ ನೆರಳಿನ ವಿಸ್ತೀರ್ಣ ಅದರ ಹರಹಿನ ತ್ರಿಜ್ಯದ ವರ್ಗಕ್ಕೆ ಅನುಗುಣ. ಬುಡದಿಂದ 12 ಮೀಟರ್ ದೂರದವರೆಗೆ ಕೊಂಬೆ ಚಾಚಿದ ಹಳೆಯ ಅರಳಿಯ ನೆರಳು ಸುಮಾರು 450 ಚದರ ಮೀಟರ್. ಒಂದು ಮೀಟರ್ ಚಾಚಿದ ಎಳೆಯ ಗಿಡದ ನೆರಳು 3 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಹತ್ತಲ್ಲ, ಅಂಥ 144 ಗಿಡಗಳು ಸೇರಿದರೆ ವಿಸ್ತೀರ್ಣ ಸಮವಾಗುತ್ತದೆ. ಹಾಗೆ ಸಮವಾದರೂ ಅವುಗಳ ಕೆಳಗೆ ಊರಿನ ಜನ ಒಟ್ಟಿಗೆ ಕುಳಿತುಕೊಳ್ಳಲಾರರು. ಸಭೆಗೆ ಬೇಕಾದುದು ಒಂದೇ ಅಖಂಡವಾದ ನೆರಳು; ಅದನ್ನು ಕೊಡಬಲ್ಲುದು ಕಾಲವೊಂದೇ.

ಮರದ ಹರಹು ಎಲ್ಲಿಯವರೆಗೆ ಬೆಳೆಯಬಹುದೆಂಬುದಕ್ಕೆ ಬೆಂಗಳೂರಿಗೆ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರ ನಿದರ್ಶನ. ಸುಮಾರು 400 ವರ್ಷ ವಯಸ್ಸಿನದೆಂದು ಎಣಿಸಲಾದ ಆ ಮರ ಸುಮಾರು ಮೂರು ಎಕರೆಗಳಲ್ಲಿ ಹರಡಿಕೊಂಡಿತು. ಅದರ ಮೂಲ ಕಾಂಡ ರೋಗದಿಂದ ನಾಶವಾದ ಮೇಲೂ ನೆಲಕ್ಕಿಳಿದ ಬಿಳಲುಗಳು ಕಾಂಡಗಳಾಗಿ ಮರವನ್ನು ಉಳಿಸಿಕೊಂಡವು.

ನಮ್ಮೂರಿನ ಮರದ ಎಲೆಯ ಹಂದರ ಎಷ್ಟು ಎತ್ತರದಲ್ಲಿದೆಯೆಂದು ತಿಳಿಯಲು ಮರವೇ ಒಂದು ಸಾಧನವನ್ನು ಒದಗಿಸಿದೆ. ನೆರಳಿನ ನಡುವೆ ನೆಲದ ಮೇಲೆ ಅಲ್ಲಲ್ಲಿ ದುಂಡನೆಯ ಬೆಳಕಿನ ಬಿಲ್ಲೆಗಳು ಕಾಣುತ್ತವೆ. ಎಲೆಗಳ ನಡುವಣ ಸಂದುಗಳು ದುಂಡಾಗಿಲ್ಲದಿದ್ದರೂ ಬಿಲ್ಲೆಗಳು ದುಂಡಾಗಿರುವುದೇಕೆ? ಅವು ಸಂದಿನ ಆಕಾರಗಳಲ್ಲ, ಸೂರ್ಯನ ಬಿಂಬಗಳು. ಪ್ರತಿಯೊಂದು ಕಿರಿಯ ಸಂದೂ ಸೂಜಿರಂಧ್ರದ ಕ್ಯಾಮರಾದಂತೆ ವರ್ತಿಸುತ್ತದೆ. 2019ರ ಡಿಸೆಂಬರ್ 26ರ ಗ್ರಹಣದಂದು ಮಂಗಳೂರು, ಕೊಡಗುಗಳ ಕಡೆ ಸೂರ್ಯ ಬಳೆಯ ಆಕಾರ ತಳೆದಾಗ, ಮೋಡವಿಲ್ಲದೆಡೆ ಈ ಬಿಲ್ಲೆಗಳೂ ಬಳೆಗಳಾದವು. ನಡುಹಗಲಲ್ಲಿ, ಚಿಕ್ಕ ಸಂದಿನಿಂದ ಬಿದ್ದ ಸ್ಪಷ್ಟವಾದ ಬಿಲ್ಲೆಯೊಂದನ್ನು ಕಿರಣಕ್ಕೆ ಎದುರಾಗಿ ಹಿಡಿದ ಕಾಗದದ ಮೇಲೆ ಪಡೆದು ಅದರ ಅಡ್ಡಳತೆಯನ್ನು 107ರಿಂದ ಗುಣಿಸಿದರೆ, ಕಾಗದದಿಂದ ಆ ಸಂದಿಗೆ ಇರುವ ದೂರ ಸ್ಥೂಲವಾಗಿ ಸಿಗುತ್ತದೆ. ಅಡ್ಡಳತೆ 9 ಸೆಂಟಿಮೀಟರ್ ಇದ್ದರೆ ಸಂದು ಸುಮಾರು 10 ಮೀಟರ್ ದೂರದಲ್ಲಿದೆ. ಶಾಲೆಯ ಮಕ್ಕಳು ಇದನ್ನು ಮಾಡಿ ನೋಡಬಹುದು.

ಕಟ್ಟೆಯ ಕಷ್ಟ

ಇನ್ನು ನಾವು ಗಮನಿಸಲೇಬೇಕಾದ ವಿಷಯಕ್ಕೆ ಬರೋಣ. ಎಲೆಯ ತಂಪು ಬೇರಿನ ನೀರನ್ನು ಅವಲಂಬಿಸಿದೆ. ನೀರು ಸಾಲದಾದರೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಲೆ ಕಾಯತೊಡಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಏಕೆಂದರೆ ಬೇರೂ ಉಸಿರಾಡುತ್ತದೆ. ನೀರನ್ನು ಹೀರುವ ನವುರಾದ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಭಾಗದ ಮೂರಡಿಯೊಳಗೇ ಇರುವುದಕ್ಕೆ ಇದೂ ಒಂದು ಕಾರಣ.

ಹಿಂದಿನವರು ಕಟ್ಟೆಯನ್ನು ಬಹುಮಟ್ಟಿಗೆ ಸೈಜುಗಲ್ಲುಗಳನ್ನು ಜೋಡಿಸಿ, ನಡುವೆ ಮಣ್ಣು ತುಂಬಿ ಮಾಡುತ್ತಿದ್ದರು. ಕಲ್ಲಿನ ಸಂದುಗಳಿಂದ ಮಳೆಯ ನೀರೂ ಗಾಳಿಯೂ ಒಳಹೋಗುತ್ತಿದ್ದುವು. ಈಗ ಕಟ್ಟೆಯನ್ನು ‘ಅಭಿವೃದ್ಧಿ’ಪಡಿಸುವುದೆಂದರೆ ಬುಡದವರೆಗೂ ಕಾಂಕ್ರೀಟು ಹಾಕಿ, ಅದರ ಮೇಲೆ ನುಣುಪಾದ ಟೈಲ್ಸ್ ಅಂಟಿಸುವುದೆಂದಾಗಿದೆ. ಮಾಡುವವರ ಉದ್ದೇಶ ಒಳ್ಳೆಯದೇ. ದಾನಿಗಳ ಹೆಸರಿನ ಕಲ್ಲೂ ನಿಲ್ಲುತ್ತದೆ. ಪರಿಣಾಮವನ್ನು ಮಾತ್ರ ನೋಡಿ. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಕಟ್ಟೆಯ ವಿಸ್ತೀರ್ಣ 36 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಈ ಕಟ್ಟೆಯ ಪಾಲಿಗೆ ಬರುವುದು 25,200 ಲೀಟರ್. ಅದೆಲ್ಲವೂ ಇಂಗುತ್ತಿರಲಿಲ್ಲವೆಂಬುದು ನಿಜ. ಆದರೆ ಟೈಲ್ಸಿನ ಮೇಲೆ ಬಿದ್ದುದು ನೇರವಾಗಿ ಚರಂಡಿಯನ್ನು ಸೇರುತ್ತದೆ. ಒಳಗಿನ ಮಣ್ಣಿಗೆ ಗಾಳಿಯ ದಾರಿಯೂ ಮುಚ್ಚಿಹೋಗುತ್ತದೆ. ಬೇರೆ ಕಡೆಯಿಂದ ನೀರು ನುಗ್ಗಿ ಅಲ್ಲಿ ನಿಂತರೆ ಇನ್ನೂ ಕಷ್ಟ, ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ.

ಮರ ಒಂದೇ ದಿನ ಸಾಯುವುದಿಲ್ಲ. ಮೊದಲು ತುದಿಯ ರೆಂಬೆಗಳು ಒಣಗುತ್ತವೆ, ಎಲೆ ಚಿಕ್ಕದಾಗುತ್ತದೆ, ನೆರಳು ತೆಳುವಾಗುತ್ತದೆ. ಬೇರು ಕೊಳೆತ ಮೇಲೆ ಒಂದು ಬಿರುಗಾಳಿಗೆ ಉರುಳಿದಾಗ ದೋಷ ಗಾಳಿಯ ಪಾಲಿಗೆ ಬರುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನೊಳಗೆ ಹಾಕಿದ್ದ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞೆ ಮಾಡಿತು. ಹಳ್ಳಿಯವರು ನ್ಯಾಯಮಂಡಳಿಯವರೆಗೆ ಹೋಗಬೇಕಾಗಿಲ್ಲ, ಹಾರೆಯೊಂದಿದ್ದರೆ ಸಾಕು. ಬುಡದ ಸುತ್ತ ಕನಿಷ್ಠ ಒಂದು ಮೀಟರ್, ಸಾಧ್ಯವಾದರೆ ಇನ್ನೂ ಹೆಚ್ಚು ಮಣ್ಣನ್ನು ತೆರೆದಿಡಬೇಕು. ಬೇರಿಗೆ ಪೆಟ್ಟಾಗದಂತೆ ಕಾಂಕ್ರೀಟನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಕೂರುವ ಜಾಗಕ್ಕೆ ಗಾರೆಯಿಲ್ಲದೆ ಕಲ್ಲುಹಾಸನ್ನು ಜೋಡಿಸಬಹುದು. ಬುಡದಲ್ಲಿ ಕಸಕ್ಕೆ ಬೆಂಕಿಯಿಡಬಾರದು. ತೊಗಟೆಯ ಕೆಳಗಿನ ಜೀವಂತ ಪದರ 60 ಡಿಗ್ರಿಯ ಶಾಖಕ್ಕೇ ಸಾಯುತ್ತದೆ.

ಮರದ ಕೆಳಗೆ ಇರಬಾರದ ಹೊತ್ತು

ಮರವು ಆಶ್ರಯವಲ್ಲದ ಸಮಯ ಒಂದುಂಟು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಹಿತ ಮಳೆ ಬಂದಾಗ ಹೊಲದಲ್ಲಿದ್ದವರೂ ದಾರಿಯಲ್ಲಿದ್ದವರೂ ಮರದ ಕೆಳಗೆ ಓಡುತ್ತಾರೆ. ನಮ್ಮ ದೇಶದಲ್ಲಿ ಸಿಡಿಲಿನಿಂದ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ ಅನೇಕರು ಹೀಗೆ ಆಶ್ರಯ ಪಡೆದವರು. ಒಂಟಿಯಾಗಿ ಎತ್ತರಕ್ಕೆ ನಿಂತ ಮರ ಸಿಡಿಲಿಗೆ ಸುಲಭದ ಗುರಿ. ಮರದ ಕಾಂಡಕ್ಕಿಂತ ಮನುಷ್ಯನ ದೇಹ ಉತ್ತಮ ವಿದ್ಯುದ್ವಾಹಕವಾದುದರಿಂದ ಕಾಂಡದಲ್ಲಿ ಇಳಿಯುವ ವಿದ್ಯುತ್ತು ಪಕ್ಕದಲ್ಲಿ ನಿಂತವನ ಮೈಗೆ ಹಾರಬಲ್ಲದು. ನೆಲದಲ್ಲಿ ಹರಡುವಾಗಲೂ ಅದು ಒಂದು ಕಾಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರಬಹುದು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆಯೆಂದು ತಿಳಿದು ಕಟ್ಟೆಯನ್ನು ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಬರಬಾರದು. ಸಮುದಾಯ ಭವನಕ್ಕೆ ಆಗ ನಿಜವಾದ ಉಪಯೋಗವುಂಟು.

ಉಳಿದ ದಿನಗಳಲ್ಲಿ ಕಟ್ಟೆಯೇ ಸಭಾಂಗಣ. ಅದಕ್ಕೆ ಬೀಸಣಿಗೆ ಬೇಡ, ವಿದ್ಯುತ್ತಿನ ಬಿಲ್ಲು ಬಾರದು. ಅದು ಕೇಳುವುದು ಬುಡದಲ್ಲಿ ಸ್ವಲ್ಪ ತೆರೆದ ಮಣ್ಣನ್ನು, ಮಳೆಯ ನೀರಿಗೆ ಒಂದು ದಾರಿಯನ್ನು. ಮರ ಹಳೆಯದಾದ ಊರಿನವರು ಇನ್ನೊಂದು ಕೆಲಸವನ್ನೂ ಮಾಡಬಹುದು. ಹಳೆಯ ಮರ ಗಟ್ಟಿಯಾಗಿರುವಾಗಲೇ, ಅದರ ನೆರಳಿನ ಆಚೆಗೆ, ಬಿಸಿಲು ಬೀಳುವೆಡೆ ಇನ್ನೊಂದು ಅರಳಿಯನ್ನೋ ಆಲವನ್ನೋ ನೆಡಬೇಕು. ಅದರ ಕೆಳಗೆ ಕುಳಿತುಕೊಳ್ಳುವವರು ನಾವಲ್ಲ. ಈಗಿನ ಕಟ್ಟೆಯ ಮರವನ್ನು ನೆಟ್ಟವರೂ ಅದರ ಪೂರ್ಣ ನೆರಳನ್ನು ಕಂಡಿರಲಾರರು.